ಮಂಗಳವಾರದ ಕುದುರೆ

ಆ ಮಂಗಳವಾರ ಬೆಳಿಗ್ಗೆ ತೆಂಗಿನೆಣ್ಣೆ ಬಾಟಲಿಯೊಳಗೇ ಗಟ್ಟಿಯಾಗಿತ್ತು. ಜನವರಿಯ ಕೊನೆಯ ವಾರ. ಡೊಂಬಿವಲಿಯ ಚಳಿಗಾಲ ಎಂದರೆ ಅಷ್ಟೇ. ಎಣ್ಣೆ ಬೆಳ್ಳಗಾಗುತ್ತದೆ, ಸ್ನಾನದ ಬಕೆಟ್ಟಿಗೆ ಒಂದು ಚೊಂಬು ಬಿಸಿನೀರು ಹೆಚ್ಚು ಬೇಕಾಗುತ್ತದೆ, ಸೊಸೈಟಿಯ ವಾಚ್‌ಮನ್ ಕಿವಿಗೆ ಮಫ್ಲರ್ ಸುತ್ತಿಕೊಂಡು ಕೂರುತ್ತಾನೆ. ಐದೂಕಾಲಿಗೆ ಎದ್ದು ಬಾಗಿಲಿನ ಹಿಡಿಗೆ ನೇತುಹಾಕಿದ್ದ ಚೀಲದಿಂದ ಹಾಲಿನ ಪ್ಯಾಕೆಟ್ ತೆಗೆದೆ. ನಲ್ಲಿ ನಿಲ್ಲುವ ಮೊದಲು ಡ್ರಮ್ ತುಂಬಿಸಿದೆ. ಮಗಳ ಡಬ್ಬಿಗೆ ಚಪಾತಿ ಬಟಾಟೆ ಪಲ್ಯ ಮಾಡಿ, ಯಜಮಾನರಿಗೆ ಕಾಫಿ ಕೊಟ್ಟೆ. ಅವರು ಆರೂವರೆಗೆ ಹೋಟೆಲಿಗೆ ಹೊರಟರು. ಹೊರಡುವಾಗ ಬಾಗಿಲಲ್ಲಿ ನಿಂತು, ಇವತ್ತು ಮಧ್ಯಾಹ್ನ ಬೇಗ ಬರುತ್ತೇನೆ, ಸಾರಿಗೆ ಸ್ವಲ್ಪ ಹುಳಿ ಮುಂದಿರಲಿ ಎಂದರು. ನಾನು ಎಲ್ಲಿಗೆ ಹೋಗುವವಳಿದ್ದೇನೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಂಗಳವಾರ ಎಂದರೆ ಅವರಿಗೆ ಗೊತ್ತೇ ಇದೆಯಲ್ಲ ಎಂದುಕೊಂಡೆ.

ಅವರ ಚಪ್ಪಲಿಯ ಸದ್ದು ಮೂರನೆಯ ಮಾಳಿಗೆಯಿಂದ ಕೆಳಗಿಳಿದು ಮುಗಿದ ಮೇಲೆ ಎಣ್ಣೆ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ, ಸ್ಟೂಲ್ ಹತ್ತಿ, ಅಟ್ಟದಿಂದ ಗೋಣಿಚೀಲ ಇಳಿಸಿದೆ. ಒಳಗೆ ನನ್ನ ಸವಾರಿಯ ಬೂಟುಗಳು. ಎರಡು ತಿಂಗಳು ಗಾಳಿಯಿಲ್ಲದೆ ಬಿದ್ದಿದ್ದ ಚರ್ಮದ ಮೇಲೆ ಹಸಿರು ಬೂಷ್ಟು ಬಂದಿತ್ತು. ಹಿಮ್ಮಡಿಯ ಬಳಿ ಬಿಗಿದು ಹಪ್ಪಳದ ಹಾಗಾಗಿತ್ತು. ಹಳೆಯ ಬನಿಯನಿನ ತುಂಡಿನಿಂದ ಒರೆಸಿ, ಕರಗಿದ ಎಣ್ಣೆಯನ್ನು ಬೆರಳಲ್ಲಿ ತೆಗೆದು ಹೊಲಿಗೆ ಹೊಲಿಗೆಗೂ ತಿಕ್ಕಿದೆ. ಚರ್ಮಕ್ಕೆ ತೆಂಗಿನೆಣ್ಣೆ ಹಾಕಬಾರದಂತೆ, ಅದಕ್ಕೆಂದೇ ಬೇರೆ ಮೇಣ ಸಿಗುತ್ತದಂತೆ. ನಮ್ಮ ಊರಿನ ಕಡೆಯವರು ತಲೆಗೆ, ಮೈಗೆ, ಕಿರುಗುಟ್ಟುವ ಬಾಗಿಲಿಗೆ ಎಲ್ಲದಕ್ಕೂ ಅದನ್ನೇ ಹಾಕುವವರು, ನಾನು ಬೂಟಿಗೂ ಹಾಕಿದೆ.

ಒಂಬತ್ತನೆಯ ಕ್ಲಾಸಿನಲ್ಲಿದ್ದ ಮಗಳು ಟೈ ಕಟ್ಟಿಕೊಳ್ಳುತ್ತಾ ಮೂಗು ಮುಚ್ಚಿಕೊಂಡಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಹಿಂದಿಯಲ್ಲೇ ಉತ್ತರ ಕೊಡುವುದು.

“ಏನು, ಅಷ್ಟು ವಾಸನೆ ಬರ್ತದಾ?”

“ಮಮ್ಮಿ, ಪೂರಾ ಘರ್ ಘೋಡಾ ಹೋ ಗಯಾ.”

ಮನೆಯಿಡೀ ಕುದುರೆಯಾಯಿತಂತೆ, ನನಗೆ ನಗು ಬಂತು. ಆ ದಿನ ನಾನು ನಕ್ಕದ್ದು ಅದೊಂದೇ ಸಲ ಎಂದು ಈಗ ನೆನಪಾಗುತ್ತದೆ.

ಈ ಬೂಟು ನನ್ನ ಪಾಲಿಗೆ ಬಂದದ್ದೇ ಮಗಳಿಂದ. ಅದರ ಹಿಂದಿನ ವರ್ಷದ ಬೇಸಿಗೆ ರಜೆಯಲ್ಲಿ ಟಿಟ್ವಾಳಾದ ಹತ್ತಿರ ನದಿ ಕಡೆಯ ಒಂದು ಕುದುರೆ ಲಾಯಕ್ಕೆ ಅವಳನ್ನು ಹತ್ತು ಪಾಠಗಳಿಗೆ ಸೇರಿಸಿದ್ದೆವು. ಎರಡನೆಯ ಪಾಠಕ್ಕೇ ಅವಳು ಕುದುರೆ ನೊಣ ಓಡಿಸಲು ಬಾಲ ಬೀಸಿದ್ದಕ್ಕೆ ಹೆದರಿ ಕೆಳಗಿಳಿದು, ಇನ್ನು ಹತ್ತುವುದಿಲ್ಲ ಎಂದು ಕೂತುಬಿಟ್ಟಳು. ಲಾಯ ನಡೆಸುತ್ತಿದ್ದವರು ವಯಸ್ಸಾದವರು, ಒಂದು ಕಾಲದಲ್ಲಿ ಮುಂಬಯಿಯಲ್ಲಿ ರೇಸಿನ ಕುದುರೆಗಳನ್ನು ನೋಡಿಕೊಂಡವರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಕೊಟ್ಟ ಫೀಸು ವಾಪಸು ಬರುವುದಿಲ್ಲ, ಮನೆಯವರು ಯಾರಾದರೂ ಉಳಿದ ಎಂಟು ಪಾಠ ಕಲಿಯಬಹುದು ಎಂದರು. ಕೊಟ್ಟದ್ದು ಹಾಳಾಗಬಾರದೆಂದು ನಾನು ಹತ್ತಿದೆ. ಬೇರೆ ಯಾವ ಆಸೆಯೂ ಇರಲಿಲ್ಲ. ನಲವತ್ತೆರಡು ವರ್ಷದ ಹೆಂಗಸು, ಚೂಡಿದಾರದ ಕೆಳಗೆ ಮಗಳ ಪಿ.ಟಿ. ಪ್ಯಾಂಟು.

ನನಗೆ ಕೊಟ್ಟದ್ದು ಒಂದು ಬೂದುಬಿಳಿ ಹೆಣ್ಣುಕುದುರೆ. ಅವಳಿಗೂ ವಯಸ್ಸಾಗಿತ್ತು, ಎಡಗಣ್ಣಿನ ರೆಪ್ಪೆಯ ಕೂದಲು ಪೂರ್ತಿ ಬೆಳ್ಳಗೆ. ಮೊದಲ ದಿನ ನಾನು ಜೀನಿನ ಮೇಲೆ ಕೂತಾಗ ಉಸ್ತಾದರು ಕುದುರೆಯ ಸುತ್ತ ಒಂದು ಸುತ್ತು ಬಂದು, ಇಷ್ಟು ನೆಟ್ಟಗೆ ಕೂರುವುದನ್ನು ಯಾರು ಕಲಿಸಿದರು ಎಂದು ಕೇಳಿದರು. ಉಡುಪಿ ಕಡೆಯ ಕಾನ್ವೆಂಟಿನಲ್ಲಿ ಒಬ್ಬ ಸಿಸ್ಟರ್ ಇದ್ದರು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಹಿಂದಿನಿಂದ ಬಂದು ನಮ್ಮ ಎರಡು ರೆಕ್ಕೆಮೂಳೆಗಳ ನಡುವೆ ಮರದ ಸ್ಕೇಲು ಇಡುತ್ತಿದ್ದರು. ಬೆನ್ನು ನೆಟ್ಟಗಿರಬೇಕು, ಕೇಳಿದಾಗ ಮಾತ್ರ ಮಾತಾಡಬೇಕು. ಅವರು ಕಲಿಸಿದ ಈ ಎರಡರಲ್ಲಿ ಮೊದಲನೆಯದು ಆ ಜೀನಿನ ಮೇಲೆ ನನ್ನನ್ನು ಉಳಿಸಿತು. ಎರಡನೆಯದರ ಸಂಗತಿ ಮುಂದೆ ಬರುತ್ತದೆ.

ಎಂಟು ಪಾಠ ಮುಗಿದ ಮೇಲೂ ಹೋಗುತ್ತಲೇ ಇದ್ದೆ, ವಾರಕ್ಕೊಂದು ದಿನ, ಮಂಗಳವಾರ. ಆ ದಿನ ಹೇಗೆ ಗೊತ್ತಾಯಿತೆಂದರೆ, ಮಂಗಳವಾರ ಟಿಟ್ವಾಳಾಕ್ಕೆ ಹೋಗುತ್ತೇನೆ ಎಂದ ಹೆಂಗಸನ್ನು ಈ ಊರಿನಲ್ಲಿ ಯಾರೂ ಏನೂ ಕೇಳುವುದಿಲ್ಲ. ಗಣಪತಿಗೆ ಹೋಗುತ್ತಾಳೆ, ಏನೋ ಹರಕೆ ಇದೆ ಎಂದು ತಾವೇ ತಿಳಿದುಕೊಳ್ಳುತ್ತಾರೆ. ನಾನು ಒಂದು ಸಲವೂ ಸುಳ್ಳು ಹೇಳಲಿಲ್ಲ. ಟಿಟ್ವಾಳಾ ಎಂದೆ, ಅಷ್ಟೆ. ಎದುರು ಫ್ಲ್ಯಾಟಿನವರು ಹುಬ್ಬಳ್ಳಿ ಕಡೆಯವರು, ಆಕೆಯ ಗಂಡ ರಬಾಳೆಯ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಮೊದಲ ತಿಂಗಳೇ ಆಕೆ, “ಇಪ್ಪತ್ತೊಂದ ಮಂಗಳವಾರ ಹಿಡದೀರೇನ್ರಿ ಅಕ್ಕಾರ?” ಎಂದು ಕೇಳಿದರು. ನಾನು ನಕ್ಕೆ. ಆ ನಗೆಯನ್ನು ಆಕೆ ಹೌದು ಎಂದುಕೊಂಡರು. ಆಮೇಲೆ ಆಕೆಗೆ ಪ್ರಸಾದ ಬೇಕಲ್ಲ. ಪಾಠ ಮುಗಿಸಿ, ಬೂಟು ಬಿಚ್ಚಿ ಸೀರೆ ಅಂಗಡಿಯ ಚೀಲಕ್ಕೆ ಹಾಕಿ, ಕುದುರೆಯ ಬೆವರು ಹತ್ತಿದ ಕೈಯನ್ನು ದೇವಸ್ಥಾನದ ನಲ್ಲಿಯಲ್ಲಿ ತೊಳೆದು, ನಿಜವಾಗಿಯೂ ಸಾಲಿನಲ್ಲಿ ನಿಂತು ಪೇಡ ತರತೊಡಗಿದೆ. ಗಣಪತಿಗೆ ಇದೆಲ್ಲ ಗೊತ್ತಿತ್ತು. ಯಜಮಾನರಿಗೂ ಗೊತ್ತಿತ್ತು. ಅವರೂ ಯಾರಾದರೂ ಕೇಳಿದರೆ, ಮಂಗಳವಾರ ಅವಳು ಟಿಟ್ವಾಳಾಕ್ಕೆ ಹೋಗ್ತಾಳೆ ಎನ್ನುತ್ತಿದ್ದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಸೇರಿ ಮುಚ್ಚಿಟ್ಟುಕೊಂಡ ಗುಟ್ಟು ಅದೊಂದೇ. ನನಗೆ ಅದೂ ಒಂದು ಸುಖವಾಗಿತ್ತು.

ನವೆಂಬರಿನಲ್ಲಿ ಅವರು ಅಯ್ಯಪ್ಪನ ಮಾಲೆ ಹಾಕಿದರು. ಪ್ರತಿ ವರ್ಷವಲ್ಲ, ಆ ವರ್ಷ ಹಾಕಿದರು. ಮಕರಜ್ಯೋತಿ ಮುಗಿಸಿ ಬರುವವರೆಗೆ ಎರಡು ತಿಂಗಳ ವ್ರತ. ಮನೆಯಲ್ಲಿ ಮಾಲೆ ಇದ್ದರೆ ವ್ರತ ಗಂಡನದ್ದು ಎನ್ನುತ್ತಾರೆ, ದುಡಿಮೆ ಯಾರದ್ದೆಂದು ಹೇಳಬೇಕಾಗಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ತಲೆಗೆ ಸ್ನಾನ ಮಾಡಿ ಒಲೆ ಹಚ್ಚಬೇಕು, ಸಂಜೆ ಮತ್ತೆ ಸ್ನಾನ, ಮತ್ತೆ ಅಡಿಗೆ. ಗಂಡನನ್ನು ಸ್ವಾಮಿ ಎಂದು ಕರೆಯಬೇಕು. ತಿಂಗಳ ಆ ನಾಲ್ಕು ದಿನ ಅವರ ಕಣ್ಣಿಗೆ ಬೀಳಬಾರದು. ಆಗ ಎದುರುಮನೆಯ ಆಕೆ ತಮ್ಮ ಹೊರಕೋಣೆಯಲ್ಲಿ ನನಗೆ ಹಾಸಿಗೆ ಹಾಸಿಕೊಟ್ಟರು. ಮಾಲೆ ಹಾಕಿದ ದಿನದ ಪೂಜೆಗೂ ಬಾಳೆಗೊನೆ ಹಿಡಿದು ಮೊದಲು ಬಂದವರು ಆಕೆಯೇ.

ಮಾಲೆಗೆ ಎರಡು ದಿನ ಮೊದಲು ಯಜಮಾನರು ನನ್ನ ಬೂಟಿನ ಮಾತು ಎತ್ತಿದರು. ಮನೆಯಲ್ಲಿ ಚರ್ಮ ಮೈಲಿಗೆ, ಪ್ರಾಣಿ ಮುಟ್ಟಿ ಬಂದ ಕೈ ಒಲೆ ಮುಟ್ಟುವುದು ಸರಿಯಲ್ಲ. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ.

“ಎರಡು ತಿಂಗಳು ಮಾರಾಯ್ತಿ. ಮಾಲೆ ತೆಗೆದ ಮೇಲೆ ನೀನುಂಟು, ನಿನ್ನ ಕುದುರೆ ಉಂಟು. ನಾನು ಒಂದು ಮಾತು ಹೇಳುದಿಲ್ಲ.”

ನಾನು ಒಪ್ಪಿದೆ. ಉಸ್ತಾದರಿಗೆ ಹೇಳಿದೆ, ಸಂಕ್ರಾಂತಿ ಕಳೆದು ಬರುತ್ತೇನೆಂದು. ಅವರು ಸರಿ ಎಂದು, ಬಂದ ಮೇಲೆ ನನ್ನನ್ನು ಬೇಲಿಯ ಹೊರಗೆ ಕರೆದೊಯ್ಯುತ್ತೇನೆ ಎಂದರು. ಅಲ್ಲಿ ಕಲಿಯುವವರೆಲ್ಲ ಬಿದಿರಿನ ಬೇಲಿ ಹಾಕಿದ ದುಂಡನೆಯ ಅಂಗಳದಲ್ಲೇ ಸುತ್ತುವುದು. ಕುದುರೆ ಮತ್ತು ಸವಾರ ಪರಸ್ಪರ ಒಗ್ಗಿದರೆ ಮಾತ್ರ ನದಿಯ ಪಕ್ಕದ ಮಣ್ಣುದಾರಿಗೆ ಬಿಡುತ್ತಿದ್ದರು. ನಾನೂ ಆ ಬೂದು ಕುದುರೆಯೂ ಒಗ್ಗಿದ್ದೇವೆ ಎಂದು ಅವರು ಹೇಳಿದ್ದು ಅದೇ ಮೊದಲು. ಆ ಮಾತನ್ನು ಎರಡು ತಿಂಗಳು ನನ್ನೊಳಗೇ ಇಟ್ಟುಕೊಂಡೆ. ಬೆಳಿಗ್ಗೆ ನಾಲ್ಕು ಗಂಟೆಯ ತಣ್ಣೀರು ತಲೆಗೆ ಹುಯ್ದುಕೊಳ್ಳುವಾಗ ನದಿಯ ದಾರಿ ನೆನಪು ಮಾಡಿಕೊಳ್ಳುತ್ತಿದ್ದೆ. ಆದರೆ ಮನೆಯಲ್ಲಿ ಕುದುರೆ ಎಂಬ ಶಬ್ದವನ್ನು ಒಂದು ಸಲವೂ ಎತ್ತಲಿಲ್ಲ. ವ್ರತದ ಮನೆಯಲ್ಲಿ ಮಾತು ಕೊಟ್ಟ ಮೇಲೆ ಎತ್ತುವುದು ಸರಿಯಲ್ಲ ಎಂದುಕೊಂಡಿದ್ದೆ.

ಎತ್ತಿದವರು ಅವರು, ಒಂದು ಸಲ. ಡಿಸೆಂಬರ್ ಮೊದಲ ವಾರವಿರಬೇಕು. ಊಟಕ್ಕೆ ಕೂತು, ನಿನ್ನ ಕುದುರೆಯವನಿಗೆ ಒಂದು ಒಳ್ಳೆ ಕೆಲಸ ಕೊಡಿಸಿದೆ ಎಂದರು. ಅವರ ಹೋಟೆಲಿನವರೇ ಸೀಸನ್ನಿನಲ್ಲಿ ಉಲ್ಹಾಸನಗರದ ಮದುವೆ ಹಾಲ್‌ಗಳಿಗೆ ಕೇಟರಿಂಗ್ ಮಾಡುವುದು. ಅಲ್ಲಿ ಪರಿಚಯದ ಯಾರಿಗೋ ಉಸ್ತಾದರ ನಂಬರ್ ಕೊಟ್ಟೆ ಎಂದರು. ಏನು ಕೆಲಸ, ಯಾರಿಗೆ ಎಂದು ನಾನು ಕೇಳಲಿಲ್ಲ. ‘ನಿನ್ನ ಕುದುರೆ’ ಎಂದರಲ್ಲ, ಅಷ್ಟಕ್ಕೇ ನನಗೆ ಖುಷಿ. ಥ್ಯಾಂಕ್ಸ್ ಎಂದೆ. ಅವರ ಅನ್ನದ ಮೇಲೆ ಇನ್ನೊಂದು ಚಮಚ ತುಪ್ಪ ಹಾಕಿದೆ.

ಸಂಕ್ರಾಂತಿ ಕಳೆಯಿತು, ಶಬರಿಮಲೆಯಿಂದ ಬಂದು ಅವರು ಮಾಲೆ ತೆಗೆದರು. ಅದಾದ ಮೊದಲ ಮಂಗಳವಾರ ಇದು. ನನಗೆ ಅವತ್ತು ಬೇಕಾಗಿದ್ದದ್ದು ಒಂದೇ, ಆ ಬೂದು ಕುದುರೆಯ ಮೇಲೆ ಕೂತು ಬೇಲಿ ದಾಟುವುದು.

ಒಂಬತ್ತೂಕಾಲರ ಟಿಟ್ವಾಳಾ ಲೋಕಲ್ ಹಿಡಿದೆ. ಆ ಹೊತ್ತಿಗೆ ಎದುರಿನ ಪ್ಲ್ಯಾಟ್‌ಫಾರ್ಮಿನಲ್ಲಿ ಮುಂಬಯಿಗೆ ಹೋಗುವವರು ಒಬ್ಬರ ಮೇಲೊಬ್ಬರು. ನಮ್ಮ ಕಡೆ ಲೇಡೀಸ್ ಡಬ್ಬಿಯಲ್ಲಿ ಕಾಲು ಚಾಚಿ ಕೂರುವಷ್ಟು ಜಾಗ. ಲೋಕವೆಲ್ಲ ಒಂದು ದಿಕ್ಕಿಗೆ ಹೋಗುವಾಗ ನಾನು ಇನ್ನೊಂದು ದಿಕ್ಕಿಗೆ ಹೋಗುತ್ತೇನೆ ಎಂಬುದು ಕೂಡ ಆ ಮಂಗಳವಾರಗಳ ರುಚಿಯಲ್ಲಿ ಸೇರಿತ್ತು. ಎದುರಿಗೆ ಕೂತಿದ್ದ ಹೆಂಗಸು ದೂರ್ವೆಯನ್ನು ಇಪ್ಪತ್ತೊಂದು ಇಪ್ಪತ್ತೊಂದಾಗಿ ಎಣಿಸಿ ದಾರ ಸುತ್ತುತ್ತಿದ್ದಳು. ನನ್ನ ಚೀಲದ ಆಕಾರ ನೋಡಿ, ಗಣಪತಿಗೆ ಹರಕೆಯ ತೆಂಗಿನಕಾಯಿ ತೋರಣವಾ ಎಂದು ಮರಾಠಿಯಲ್ಲಿ ಕೇಳಿದಳು. ಹೌದು ಎಂದೆ. ಅವತ್ತು ಮೊದಲ ಸಲ ಸುಳ್ಳು ಹೇಳಿದ್ದು, ಅದೂ ಗೊತ್ತಿಲ್ಲದವಳಿಗೆ.

ಸ್ಟೇಷನ್ನಿನಿಂದ ಶೇರ್ ರಿಕ್ಷಾದಲ್ಲಿ ಲಾಯದ ಗೇಟಿಗೆ ಬಂದಾಗ ಹತ್ತು ಗಂಟೆ. ಎಲ್ಲ ಹಾಗೆಯೇ ಇತ್ತು. ಹುಲ್ಲಿನ ಬಣವೆ, ನೀರಿನ ಸಿಮೆಂಟ್ ತೊಟ್ಟಿ, ತೊಟ್ಟಿಯ ಅಂಚಿನಲ್ಲಿ ಉಸ್ತಾದರ ಟ್ರಾನ್ಸಿಸ್ಟರ್. ಅವರು ನನ್ನನ್ನು ಕಂಡು ಎದ್ದು ನಿಂತ ರೀತಿ ಮಾತ್ರ ಹೊಸದು. ಬಾಕಿ ಕೇಳಲು ಬಂದವರನ್ನು ಕಂಡ ಹಾಗೆ ಅಲ್ಲ, ತೀರಿಹೋದವರ ಮನೆಗೆ ತಡವಾಗಿ ಬಂದವರನ್ನು ಕಂಡ ಹಾಗೆ. ಮೇಡಂ ಬಂದಿರಾ ಎಂದರು. ಬರುತ್ತೇನೆ ಎಂದಿದ್ದೆನಲ್ಲ ಎಂದೆ. ಅವರು ಒಳಗೆ ಹೋಗಿ ಕುದುರೆಯನ್ನು ಹೊರಗೆ ತಂದರು.

ಮೊದಲು ಕಂಡದ್ದು ಬಾಲ. ತುದಿಯ ಒಂದು ಗೇಣು ಗುಲಾಬಿ ಬಣ್ಣವಾಗಿತ್ತು, ತೊಳೆದು ತೊಳೆದು ಮಾಸಿದ ಗುಲಾಬಿ. ಗೊರಸುಗಳ ಮೇಲೆ ಮೆಹಂದಿಯ ಕೆಂಪು ಗೆರೆ. ಹಣೆಯ ಕೂದಲಿನೊಳಗೆ ಕೈ ಹಾಕಿದರೆ ಬೆರಳಿಗೆ ಜರಿಪುಡಿ ಹತ್ತಿತು. ನಾನು ಕತ್ತಿನ ಮೇಲೆ ಕೈ ಇಟ್ಟೆ, ಯಾವಾಗಲೂ ಇಡುವ ಜಾಗದಲ್ಲೇ. ಅವಳು ತಲೆಯನ್ನು ಮೇಲಕ್ಕೆ ಎಸೆದಳು. ಆಗ ಬಾಯಿಯ ಮೂಲೆಗಳು ಕಂಡವು. ಎರಡೂ ಕಡೆ ಚರ್ಮ ಹರಿದು, ಒಣಗಿ, ಮತ್ತೆ ಹರಿದ ಗಾಯ. ಮುಳ್ಳಿನ ಕಡಿವಾಣ ಹಾಕಿದರೆ ಹಾಗಾಗುತ್ತದೆ. ಮೆರವಣಿಗೆಯಲ್ಲಿ ಕುದುರೆ ಮುಂದಕ್ಕೆ ಹೋಗದೆ ನಿಂತಲ್ಲೇ ಕುಣಿಯಬೇಕಾದರೆ ಅದನ್ನು ಹಾಕುತ್ತಾರೆ ಎಂದು ಆಮೇಲೆ ತಿಳಿಯಿತು.

ನಾನು ಹತ್ತಬಾರದಿತ್ತು. ಆದರೆ ಎರಡು ತಿಂಗಳು ಕಾದಿದ್ದೆ. ರಿಕಾಪಿಗೆ ಕಾಲು ಕೊಟ್ಟು ಹತ್ತಿದೆ. ಬೆನ್ನು ನೆಟ್ಟಗೆ ಮಾಡಿ, ಲಗಾಮನ್ನು ಗಾಯಕ್ಕೆ ತಾಗದ ಹಾಗೆ ಸಡಿಲ ಬಿಟ್ಟು, ಒಂದು ಸುತ್ತು ನಡೆಸಿದೆ. ಅಷ್ಟು ಸರಿಯಾಗಿಯೇ ನಡೆದಳು. ಅವಳ ನಡಿಗೆಯ ಲಯ ನನ್ನ ಸೊಂಟಕ್ಕೆ ನೆನಪಿತ್ತು. ಒಂದು ಕ್ಷಣ ಎಲ್ಲ ಸರಿಹೋಗುತ್ತದೆ ಎನಿಸಿತು. ಎರಡನೆಯ ಸುತ್ತಿನಲ್ಲಿ, ಓಡು ಎಂದು ಹೇಳಲು ನನಗೆ ಕಲಿಸಿದ್ದಂತೆ ಕಾಲಿನ ಮೀನಖಂಡವನ್ನು ಅವಳ ಹೊಟ್ಟೆಗೆ ಮೆಲ್ಲಗೆ ಒತ್ತಿ, ನಾಲಿಗೆಯಲ್ಲಿ ಒಮ್ಮೆ ಲೊಚಗುಟ್ಟಿದೆ.

ಅವಳು ನಿಂತುಬಿಟ್ಟಳು. ಕುತ್ತಿಗೆಯನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಮುಂಗಾಲುಗಳನ್ನು ಒಂದಾದ ಮೇಲೊಂದು ಎತ್ತಿ ನಿಂತಲ್ಲೇ ಕುಣಿಯತೊಡಗಿದಳು. ನಾನು ಇನ್ನೊಮ್ಮೆ ಕಾಲು ಒತ್ತಿದೆ. ಇನ್ನೂ ಎತ್ತರಕ್ಕೆ ಕಾಲೆತ್ತಿದಳು. ಲಗಾಮು ಪೂರ್ತಿ ಬಿಟ್ಟೆ, ಆಗಲೂ ಕುಣಿದಳು. ಆರು ತಿಂಗಳಲ್ಲಿ ನಾನು ಕಲಿತ ಒಂದೊಂದು ಸನ್ನೆಗೂ ಈಗ ಅವಳಿಗೆ ಒಂದೇ ಅರ್ಥ. ಮೈ ನಡುಗುತ್ತಿತ್ತು, ಕುಣಿತ ನಿಲ್ಲುತ್ತಿರಲಿಲ್ಲ. ನನ್ನ ಮೊಣಕಾಲಿನ ಕೆಳಗೆ ಅವಳ ಎದೆ ಡಬಡಬ ಹೊಡೆದುಕೊಳ್ಳುವುದು ತಿಳಿಯುತ್ತಿತ್ತು. ಬೇಲಿಯ ಹೊರಗೆ ತಮ್ಮ ಸರದಿಗೆ ಕಾಯುತ್ತಿದ್ದ ಇಬ್ಬರು ಮಕ್ಕಳು ಚಪ್ಪಾಳೆ ತಟ್ಟಿದರು. ಅವರ ತಾಯಿ ಮೊಬೈಲು ಎತ್ತಿ ಫೋಟೋ ತೆಗೆದಳು.

ಇಳಿದೆ. ಕಾಲು ನೆಲಕ್ಕೆ ತಾಗಿದ ಮೇಲೂ ನಾನು ನೆಟ್ಟಗೇ ನಿಂತಿದ್ದೆ ಎಂದು ನೆನಪು. ಉಸ್ತಾದರು ಬಂದು ಲಗಾಮು ಹಿಡಿದುಕೊಂಡರು. ಅವಳು ಅವರ ಕೈಯಲ್ಲೂ ಎರಡು ನಿಮಿಷ ಕುಣಿದು, ಆಮೇಲೆ ನಿಂತಳು.

ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ತುಳಸಿ ಮದುವೆ ಆದ ಮೇಲೆ ಲಗ್ನದ ಸೀಸನ್, ಮದುಮಗ ಕೂರಲು ಬಿಳಿ ಹೆಣ್ಣುಕುದುರೆಯೇ ಬೇಕು, ಉಲ್ಹಾಸನಗರದ ಒಂದು ಬ್ಯಾಂಡ್ ಪಾರ್ಟಿಯವರು ಇಡೀ ಸೀಸನ್ನಿಗೆ ಮಾತಾಡಿದರು ಎಂದರು. ತಾವು ಮೊದಲು ಒಲ್ಲೆ ಎಂದಿದ್ದರಂತೆ, ಈ ಕುದುರೆ ಮೇಡಂದು, ಅವರು ವಾಪಸು ಬರುತ್ತಾರೆ ಎಂದು. ಅಷ್ಟು ಹೇಳಿ ನೆಲ ನೋಡಿದರು. ಉಳಿದದ್ದನ್ನು ನನ್ನ ಮುಖ ನೋಡದೆ ಹೇಳಿದರು.

“ಸಾಬ್ ನೇ ಖುದ್ ಫೋನ್ ಕಿಯಾ, ಮೇಡಂ. ಬೋಲೇ, ಮೇಡಂ ಅಬ್ ನಹೀ ಆಯೇಂಗಿ. ಬ್ಯಾಂಡ್‌ವಾಲೇ ಕೋ ಮೇರಾ ನಂಬರ್ ಭೀ ಉನ್ಹೋನೇ ಹೀ ದಿಯಾ.”

ಸಾಹೇಬರೇ ಫೋನ್ ಮಾಡಿದರಂತೆ, ಬ್ಯಾಂಡಿನವರಿಗೆ ನಂಬರ್ ಕೊಟ್ಟದ್ದೂ ಅವರೇ ಅಂತೆ. ಮೇಡಂ ಇನ್ನು ಬರುವುದಿಲ್ಲ. ನನ್ನ ಮಾತನ್ನು ನನ್ನ ಗಂಡ ನನ್ನ ಪರವಾಗಿ ಆಡಿದ್ದರು.

ಉಸ್ತಾದರು ಕೆಟ್ಟವರಲ್ಲ. ಒಂದು ಮುದಿ ಕಂದು ಗಂಡುಕುದುರೆಯನ್ನು ತೋರಿಸಿ, ಇದರ ಮೇಲೆ ಮೊದಲಿನಿಂದ ಶುರು ಮಾಡೋಣ, ಹಗ್ಗ ಹಿಡಿದು ಸುತ್ತಿಸುತ್ತೇನೆ ಎಂದರು. ಇವಳು ಮೊದಲಿನಂತೆ ಆಗುತ್ತಾಳಾ ಎಂದು ಕೇಳಿದೆ. ಬೇಸಿಗೆಯ ಲಗ್ನಗಳೂ ಬುಕ್ ಆಗಿವೆ ಎಂದರು. ಅದೇ ಉತ್ತರ. ನಾನು ಥ್ಯಾಂಕ್ಯೂ ಎಂದೆ. ಯಾಕೆ ಹೇಳಿದೆನೋ, ಬಾಯಿಗೆ ಅಭ್ಯಾಸ. ಹೊರಡುವ ಮೊದಲು ಚೀಲದಲ್ಲಿದ್ದ ಬೆಲ್ಲದ ತುಂಡನ್ನು ಅಂಗೈಯಲ್ಲಿಟ್ಟು ಅವಳ ಮುಂದೆ ಹಿಡಿದೆ. ಬಾಯಿ ಹುಣ್ಣಿದ್ದದ್ದಕ್ಕೋ ಏನೋ, ಮೂಸಿ ನೋಡಿ ಬಿಟ್ಟಳು. ನನ್ನ ಬೂಟಿನ ತೆಂಗಿನೆಣ್ಣೆಯ ವಾಸನೆಗೆ ಮಾತ್ರ ಒಂದು ಸಲ ಮುಖ ಕೆಳಗೆ ತಂದಳು.

ದೇವಸ್ಥಾನಕ್ಕೆ ಹೋಗಲಿಲ್ಲ. ಪ್ರಸಾದ ತರತೊಡಗಿದ ಮೇಲೆ ಅದಿಲ್ಲದೆ ಮನೆಗೆ ಬಂದದ್ದು ಅದೇ ಮೊದಲು.

ಮಧ್ಯಾಹ್ನ ಯಜಮಾನರು ಹೇಳಿದಂತೆ ಬೇಗ ಬಂದರು. ಸಾರಿಗೆ ಹುಳಿ ಮುಂದಿತ್ತು, ಎರಡು ಸಲ ಬಡಿಸಿಕೊಂಡರು. ಊಟ ಮುಗಿದು ಅವರು ಸೋಫಾದಲ್ಲಿ ಕಾಲು ಚಾಚಿದ ಮೇಲೆ ಕೇಳಿದೆ. ಗಂಡ ಹೆಂಡತಿ ನಮ್ಮೊಳಗೆ ತುಳು ಮಾತಾಡುವವರು, ಆದರೆ ಜಗಳದ ಅಂಚಿಗೆ ಬಂದಾಗ ಇಬ್ಬರೂ ಕನ್ನಡಕ್ಕೆ ಹೋಗುತ್ತೇವೆ, ಶಾಲೆಯಲ್ಲಿ ಕಲಿತ ಭಾಷೆ ಸ್ವಲ್ಪ ದೂರ ಕಾಯುತ್ತದೆಂದೋ ಏನೋ.

“ನಾನು ಬರುದಿಲ್ಲ ಅಂತ ಅವರಿಗೆ ಫೋನ್ ಮಾಡಿದ್ರಾ?”

ಅವರು ಸುಳ್ಳು ಹೇಳಲಿಲ್ಲ. ಹೌದು ಎಂದರು. ಅವರ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು.

“ನೀನು ಬಿಟ್ಟೆ ಅಂತಲೇ ನಾನು ಎಣಿಸಿದ್ದು ಮಾರಾಯ್ತಿ.”

“ಬಿಡ್ತೇನೆ ಅಂತ ನಾನು ಯಾವಾಗ ಹೇಳಿದೆ?”

“ಹೇಳ್ಲಿಲ್ಲ. ಹದಿನೈದು ದಿನ ನೋಡಿದೆ ನಾನು. ಒಂದು ಸಲ ಆದ್ರೂ ಕುದುರೆ ಸುದ್ದಿ ಎತ್ತಿದ್ಯಾ ನೀನು? ಅಷ್ಟು ಬೇಕಾದವಳು ಒಂದು ಮಾತು ಆಡದೆ ಇರ್ತಾಳಾ? ಇವಳಿಗೆ ಸಾಕಾಗಿದೆ, ಹೇಳ್ಲಿಕ್ಕೆ ನಾಚಿಕೆ ಅಂತ ಗ್ರಹಿಸಿದೆ.”

ಆಮೇಲೆ ಅವರು ಇನ್ನೂ ಕೆಲವು ಮಾತು ಹೇಳಿದರು, ನಿಧಾನವಾಗಿ, ಮಗುವಿಗೆ ಹೇಳಿದ ಹಾಗೆ. ಹೇಗೂ ಸುಮ್ಮನೆ ನಿಂತಿರುವ ಕುದುರೆ, ಆ ಮನುಷ್ಯನಿಗೂ ನಾಲ್ಕು ಕಾಸು ಆಗಲಿ ಎಂದು ನಂಬರ್ ಕೊಟ್ಟದ್ದು. ಕುದುರೆ ಮದುವೆಯಲ್ಲಿ ಕುಣಿದರೆ ತಪ್ಪೇನು, ಅದಕ್ಕೂ ಒಳ್ಳೆ ಹುರುಳಿ ಸಿಗುತ್ತದೆ. ನಾನು ನೊಂದುಕೊಳ್ಳುತ್ತೇನೆ ಎಂದು ಗೊತ್ತಿದ್ದರೆ ಮಾಡುತ್ತಿರಲಿಲ್ಲ. ಬೇಕಾದರೆ ಅವನ ಹತ್ತಿರ ಇನ್ನೊಂದು ಕುದುರೆ ಇಲ್ಲವೇ? ಮಾತು ಮುಗಿಯುವ ಮೊದಲೇ ಅವರ ರೆಪ್ಪೆ ಭಾರವಾಯಿತು. ಹೋಟೆಲಿನವರ ಮಧ್ಯಾಹ್ನದ ನಿದ್ದೆ, ಒಂದು ಗಂಟೆಯದ್ದು, ಅದನ್ನು ಕೆಡಿಸುವಂತಿಲ್ಲ. ನಾನು ಫ್ಯಾನನ್ನು ಒಂದಕ್ಕೆ ಇಳಿಸಿ ಅಡಿಗೆಮನೆಗೆ ಹೋದೆ.

ಅಲ್ಲಿ ಪಾತ್ರೆ ತೊಳೆಯುತ್ತಾ, ಅವರು ಹೇಳಿದ್ದು ಸರಿ ಇರಬಹುದು ಎಂದು ನನಗೇ ಅನಿಸತೊಡಗಿತು. ನಿಜವಲ್ಲವೇ? ನಾನು ಒಂದು ಮಾತೂ ಆಡಲಿಲ್ಲ. ತುಪ್ಪ ಹಾಕಿದೆ. ಏನು ಕೆಲಸ ಕೊಡಿಸಿದಿರಿ ಎಂದು ಒಂದು ಪ್ರಶ್ನೆ ಕೇಳಿದ್ದರೆ ಆ ಕುದುರೆಯ ಬಾಯಿ ಹರಿಯುತ್ತಿರಲಿಲ್ಲ. ಕೇಳಿದಾಗ ಮಾತ್ರ ಮಾತಾಡು ಎಂದು ಕಲಿಸಿದ್ದ ಸಿಸ್ಟರಿನ ಮೇಲೆ ಸಿಟ್ಟು ಬಂತು, ಅವರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮನೆಯಲ್ಲಿರುವ ಮನುಷ್ಯನ ಮೇಲೆ ಸಿಟ್ಟಾಗುವುದಕ್ಕಿಂತ ಅದು ಸುಲಭ. ನಾಲ್ಕು ಗಂಟೆಗೆ ಅವರನ್ನು ಎಬ್ಬಿಸಿ ಚಹಾ ಕೊಟ್ಟೆ. ಬೇಜಾರಾ ಎಂದು ಕೇಳಿದರು. ಇಲ್ಲ, ನಾನೇ ಹೇಳಬೇಕಿತ್ತು ಎಂದೆ. ಅವರು ನನ್ನ ತಲೆ ತಟ್ಟಿ ಹೋಟೆಲಿಗೆ ಹೋದರು. ಸಂಜೆಯವರೆಗೆ ತಪ್ಪು ನನ್ನದೇ ಎಂದು ನಂಬಿಕೊಂಡೆ, ಆ ನಂಬಿಕೆಯಲ್ಲಿ ಒಂದು ತರಹದ ನೆಮ್ಮದಿಯೂ ಇತ್ತು. ತಪ್ಪು ನನ್ನದಾದರೆ ತಿದ್ದಿಕೊಳ್ಳಬಹುದು. ಬರುವ ಮಂಗಳವಾರ ಬಾಯಿಬಿಟ್ಟು ಹೇಳಿಯೇ ಹೋಗಬೇಕು, ಕಂದು ಕುದುರೆಯಾದರೆ ಕಂದು ಕುದುರೆ, ಹಗ್ಗದ ಸುತ್ತಿನಿಂದಲೇ ಶುರು ಮಾಡಬೇಕು ಎಂದು ಕೂಡ ಯೋಚಿಸಿದೆ.

ಏಳು ಗಂಟೆಯ ಹೊತ್ತಿಗೆ ದೇವರ ದೀಪ ಹಚ್ಚಿ, ಬೂಟನ್ನು ಮತ್ತೆ ಅಟ್ಟಕ್ಕೆ ಹಾಕಲು ಮನಸ್ಸು ಬಾರದೆ, ಬಾಗಿಲ ಹೊರಗಿನ ಚಪ್ಪಲಿ ಸ್ಟ್ಯಾಂಡಿನಲ್ಲಿ ಇಟ್ಟೆ. ಮೊದಲ ಸಲ ಎಲ್ಲರಿಗೂ ಕಾಣುವ ಹಾಗೆ. ಎದುರುಮನೆಯ ಬಾಗಿಲು ತೆರೆದಿತ್ತು. ಆಕೆ ಹೊಸ್ತಿಲಲ್ಲಿ ಕೂತು ಮೆಂತೆ ಸೊಪ್ಪು ಬಿಡಿಸುತ್ತಿದ್ದರು. ಬೂಟಿನ ಮೇಲೆ ಒಮ್ಮೆ ಕಣ್ಣು ಹಾಯಿಸಿ, ತಮ್ಮ ಗಂಡನ ಫ್ಯಾಕ್ಟರಿ ಬೂಟನ್ನು ದಿನಾ ನೋಡುವವರ ಹಾಗೆ ಕಣ್ಣು ತಿರುಗಿಸಿದರು. ನಾನು, ಇವತ್ತು ಪ್ರಸಾದ ತರಲಾಗಲಿಲ್ಲ, ದೇವಸ್ಥಾನಕ್ಕೆ ಹೋಗಲಿಲ್ಲ ಎಂದೆ. ಆಕೆ ಸೊಪ್ಪಿನಿಂದ ತಲೆ ಎತ್ತದೆ, ಒಂದು ಹಳದಿ ಎಲೆಯನ್ನು ಕಿತ್ತು ಪಕ್ಕಕ್ಕೆ ಹಾಕಿದರು.

“ಇರ್ಲಿ ಬಿಡ್ರಿ ಅಕ್ಕಾರ. ಮಾಲಿ ಹಾಕ್ಕೊಂಡ ದಿನಾನ ಹೇಳಿದ್ರಲ್ಲ ನಿಮ್ಮ ಮನಿಯವ್ರು, ಇಕೀದು ಟಿಟ್ವಾಳಾದ ಹರಕಿ ಮುಗೀತು, ಇನ್ನ ಹೋಗಂಗಿಲ್ಲ ಅಂತ. ಇನ್ನ ಮಂಗಳವಾರ ಮನ್ಯಾಗ ಇರ್ತೀರಲ್ಲ, ನಮ್ಮ ಗ್ಯಾಸಿನಂವ ಬಂದ್ರ ಸಿಲಿಂಡರ್ ಒಂದ ಇಸ್ಕೊಂಡ ಇಟ್ಟಬಿಡ್ರಿ.”